ಸೇವಾಹಸ್ತದ ಅಭಾವವೂ ದಾಸೋಹದ ವಿನ್ಯಾಸವೂ

(ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಮಠದ ಮಹೋತ್ಸವವೆಂಬುದು ಹಿಂದಿನವರ ಪುಣ್ಯಕಾರ್ಯಗಳನ್ನು ಸ್ಮರಿಸುವ ಕಾಲವಾಗಿರುವಂತೆಯೇ, ಮುಂದೆ ಮಾಡಬೇಕಾದ ಕಾರ್ಯವಾವುದೆಂದು ವಿಚಾರಿಸತಕ್ಕ ಕಾಲವೂ ಆಗಿರುವುದು. ಹಸಿದವರಿಗೆ ಅನ್ನ, ಓದಬಯಸುವವರಿಗೆ ವಿದ್ಯೆ, ಈ ಎರಡು ದಾಸೋಹಗಳನ್ನು ಕನ್ನಡನಾಡಿನ ಮಠಗಳು ಎಷ್ಟು ನಿಷ್ಠೆಯಿಂದ ನಡೆಯಿಸಿಕೊಂಡು ಬಂದಿವೆಯೆಂಬುದು ಸರ್ವವಿದಿತವು. ನೆರೆಯ ನಂಜನಗೂಡು ತಾಲ್ಲೂಕಿನ ಸುತ್ತೂರು ಶ್ರೀಕ್ಷೇತ್ರದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು 1954ರಲ್ಲಿ ಸ್ಥಾಪಿಸಿದ ಮಹಾವಿದ್ಯಾಪೀಠವೂ, 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ಬೆಳೆಯಿಸಿದ ತ್ರಿವಿಧ ದಾಸೋಹವೂ ಇದಕ್ಕೆ ಸಾಕ್ಷಿಯಾಗಿ ನಿಂತಿವೆ. ಆದರೆ ಒಂದು ಕಾಲದ ಕಷ್ಟವೇ ಎಲ್ಲ ಕಾಲದ ಕಷ್ಟವಲ್ಲ. ಅನ್ನವಿದ್ದೂ ಅದನ್ನು ತುತ್ತುಮಾಡಿ ಬಾಯಿಗಿಡುವ ಕೈಯಿಲ್ಲದ ಮನೆಗಳು, ಔಷಧವಿದ್ದೂ ಅದನ್ನು ಹೊತ್ತಿಗೆ ಸರಿಯಾಗಿ ಕುಡಿಸುವವರಿಲ್ಲದ ಮನೆಗಳು ಈಗ ಊರೂರಿನಲ್ಲಿ ಕಾಣಬರುತ್ತಿವೆ. ಈ ಸೇವಾಹಸ್ತದ ಅಭಾವವನ್ನು ಹೇಗೆ ನೀಗತಕ್ಕದ್ದು ಎಂಬುದೇ ಈ ಉಪನ್ಯಾಸದ ವಿಷಯವು.

ಬೇಗೂರು ಹೆದ್ದಾರಿಯ ಮೇಲಿನ ಊರು. ಇಲ್ಲಿಂದ ಬಡಗಣಕ್ಕೆ ನಂಜನಗೂಡು, ಮೈಸೂರು, ತೆಂಕಣಕ್ಕೆ ಗುಂಡ್ಲುಪೇಟೆ. ಬೆಳಗಿನ ಮೊದಲ ಬಸ್ಸಿಗೇ ಕೈಕಾಲು ಗಟ್ಟಿಯಿರುವ ತರುಣರು ನಂಜನಗೂಡಿನ ಕಾರ್ಖಾನೆಗಳಿಗೂ ಮೈಸೂರಿನ ಅಂಗಡಿ ಕಛೇರಿಗಳಿಗೂ ಹೊರಡುತ್ತಾರೆ. ಇನ್ನು ಕೆಲವರು ಬೆಂಗಳೂರಿನಲ್ಲಿ ನೆಲಸಿ ಹಬ್ಬಕ್ಕೊಮ್ಮೆ ಬರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಹೊಟ್ಟೆಪಾಡು ಎಲ್ಲಿಗೆ ಕರೆಯುವುದೋ ಅಲ್ಲಿಗೆ ಹೋಗಲೇಬೇಕು. ಆದರೆ ಹಗಲೆಲ್ಲ ಊರಿನಲ್ಲಿ ಉಳಿಯುವವರು ಜಗಲಿಯ ಮೇಲಣ ವೃದ್ಧರು, ಅಂಗನವಾಡಿಯ ಮಕ್ಕಳು, ಮತ್ತು ಇವರಿಬ್ಬರ ನಡುವೆ ಸಿಕ್ಕಿಕೊಂಡ ಹೆಂಗಸರು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರುವತ್ತು ದಾಟಿದವರು ಹತ್ತು ಕೋಟಿಗೂ ಮಿಗಿಲಾಗಿದ್ದರು. ನೂರಕ್ಕೆ ಎಂಟು ಒಂಬತ್ತು ಮಂದಿ ಎಂದರ್ಥ. ಕರ್ಣಾಟಕದಲ್ಲಿ ಈ ಪ್ರಮಾಣವು ದೇಶದ ಸರಾಸರಿಗಿಂತ ಅಧಿಕವಾಗಿದ್ದಿತು. ಆಯುಷ್ಯವು ಹೆಚ್ಚಿತು, ಅದು ಭಾಗ್ಯವೇ ಸರಿ. ಆದರೆ ಕುಟುಂಬವು ಕಿರಿದಾಯಿತು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಹಿರಿಯರನ್ನು ನಾಲ್ಕು ಮಂದಿ ಸೊಸೆಯರು ಸರದಿಯಂತೆ ನೋಡಿಕೊಳ್ಳುತ್ತಿದ್ದ ಮನೆಯಲ್ಲಿ ಈಗ ಒಬ್ಬಳೇ ಸೊಸೆ, ಇಲ್ಲವೆ ತಾನೇ ಎಪ್ಪತ್ತು ದಾಟಿದ ಹೆಂಡತಿ.

ಇದು ಬೇಗೂರಿನ ಸೀಮೆಯೊಂದರ ಕಷ್ಟವಲ್ಲ. 2030ರ ವೇಳೆಗೆ ಲೋಕದಲ್ಲಿ ಆರೋಗ್ಯಸೇವಕರ ಕೊರತೆಯು ಒಂದು ಕೋಟಿಗೂ ಮಿಗಿಲಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಸಿರಿವಂತ ದೇಶಗಳು ಬಡದೇಶಗಳ ದಾದಿಯರನ್ನು ಹೆಚ್ಚಿನ ಸಂಬಳ ತೋರಿಸಿ ಕರೆದೊಯ್ಯುತ್ತಿವೆ. ನಗರವು ಹಳ್ಳಿಯ ಕೈಗಳನ್ನು ಸೆಳೆಯುವಂತೆಯೇ ಇದೂ ಒಂದು ಸೆಳೆತವು.

ಹೀಗಿರುವಲ್ಲಿ ಸಾಮಾನ್ಯವಾಗಿ ಕೇಳಿಬರುವ ಪರಿಹಾರಗಳು ಎರಡು. ಹೆಚ್ಚು ಜನರನ್ನು ನೇಮಿಸಬೇಕೆಂಬುದೊಂದು; ವೃದ್ಧಾಶ್ರಮವನ್ನು ಕಟ್ಟಿಸಬೇಕೆಂಬುದು ಇನ್ನೊಂದು. ಮಹೋತ್ಸವದ ಜ್ಞಾಪಕಾರ್ಥವಾಗಿ ಕಟ್ಟಡವೊಂದು ಏಳಲೆಂದು ಬಯಸುವುದು ಭಕ್ತರಿಗೆ ಸಹಜವೇ. ಎರಡು ಮಾತೂ ಸುಳ್ಳಲ್ಲ. ಆದರೆ ಬಿಂದಿಗೆಯ ಬಿರುಕನ್ನು ನೋಡದೆ ನೀರನ್ನು ಸುರಿಯುತ್ತ ಹೋದರೆ ಅದು ತುಂಬುವುದೆಂತು? ಕಟ್ಟಡಕ್ಕೆ ಕಲ್ಲು ಸಿಕ್ಕೀತು, ಮರ ಸಿಕ್ಕೀತು. ಒಳಗೆ ಇರುಳು ಎಚ್ಚತ್ತು ಕುಳಿತುಕೊಳ್ಳುವವರು ಸಿಕ್ಕುವರೆ? ಅವರು ಏಕೆ ಬರುತ್ತಿಲ್ಲ, ಬಂದವರು ಏಕೆ ನಿಲ್ಲುತ್ತಿಲ್ಲ, ಹಾಸಿಗೆ ಹಿಡಿದವರಿಗೆ ನಿಜವಾಗಿ ಬೇಕಾದುದೇನು ಎಂದು ಮೊದಲು ಕೇಳದೆ ಕಟ್ಟಿದ ಮನೆಯು ಬೀಗ ಹಾಕಿದ ಮನೆಯಾಗಿ ಉಳಿಯುವ ಸಂಭವವುಂಟು.

ಮೊದಲು ಕೇಳುವುದು, ಆಮೇಲೆ ಕಟ್ಟುವುದು: ಇದನ್ನೇ ಇಂದಿನ ವಿದ್ವಾಂಸರು ಒಂದು ಶಾಸ್ತ್ರವನ್ನಾಗಿ ಬೆಳೆಯಿಸಿ ಅದಕ್ಕೆ ಡಿಸೈನ್ ಥಿಂಕಿಂಗ್ ಎಂಬ ಹೆಸರನ್ನಿಟ್ಟಿದ್ದಾರೆ. ಕನ್ನಡದಲ್ಲಿ ವಿನ್ಯಾಸ ಚಿಂತನೆ ಎನ್ನಬಹುದು. ಅಮೆರಿಕದ ಹರ್ಬರ್ಟ್ ಸೈಮನ್ ಎಂಬ ಪಂಡಿತನು 1969ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇದರ ಬೀಜವಿದೆ. ಇರುವ ಸ್ಥಿತಿಯನ್ನು ಬೇಕಾದ ಸ್ಥಿತಿಗೆ ತಿರುಗಿಸಲು ಉಪಾಯ ಹೂಡುವವನೆಲ್ಲ ವಿನ್ಯಾಸಕಾರನೇ ಎಂಬುದು ಆತನ ಅಭಿಪ್ರಾಯವು. ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಇದನ್ನು ಐದು ಮೆಟ್ಟಿಲುಗಳನ್ನಾಗಿ ವಿಂಗಡಿಸಿ ಬೋಧಿಸಿದರು. ಕಷ್ಟಪಡುವವನ ಬಳಿ ಕುಳಿತು ಆತನ ಮನಸ್ಸನ್ನರಿಯುವುದು ಮೊದಲನೆಯದು. ನಿಜವಾದ ತೊಡಕು ಯಾವುದೆಂದು ಖಚಿತಮಾಡಿಕೊಳ್ಳುವುದು ಎರಡನೆಯದು. ಹಲವರು ಕೂಡಿ ಸಂಕೋಚವಿಲ್ಲದೆ ಉಪಾಯಗಳನ್ನು ಹೇಳುವುದು ಮೂರನೆಯದು. ಅವುಗಳಲ್ಲಿ ಒಂದನ್ನು ಸಣ್ಣದಾಗಿ, ಅಲ್ಪವ್ಯಯದಲ್ಲಿ ಮಾಡಿನೋಡುವುದು ನಾಲ್ಕನೆಯದು. ಫಲವನ್ನು ಪರೀಕ್ಷಿಸಿ, ತಪ್ಪಿದ್ದಲ್ಲಿ ತಿದ್ದಿ, ಬೇಕಾದರೆ ಮರಳಿ ಮೊದಲಿನಿಂದ ಆರಂಭಿಸುವುದು ಐದನೆಯದು.

ಇದು ಹನ್ನೆರಡನೆಯ ಶತಮಾನದಲ್ಲಿಯೇ ಶರಣರಿಗೆ ತಿಳಿದಿದ್ದಿತೆಂದು ಹೇಳಿ ಹೆಮ್ಮೆಪಡುವುದು ಸುಲಭ. ಆದರೆ ಅದು ಯುಕ್ತವಲ್ಲ. ಶರಣರ ಗುರಿಯೇ ಬೇರೆ, ಎತ್ತರವೇ ಬೇರೆ. ಆದರೂ ಅವರ ಚರಿತ್ರೆಯಲ್ಲಿ ಈ ವಿಚಾರಕ್ಕೆ ಬೆಳಕು ಕೊಡುವ ಎರಡು ಪ್ರಸಂಗಗಳುಂಟು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪತ್ನಿಯಾದ ಲಕ್ಕಮ್ಮನು ಹಿಗ್ಗಲಿಲ್ಲ. ಆ ದಿನಕ್ಕೆ ಬೇಕಾದುದೆಷ್ಟೋ ಅಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳು. ದಾಸೋಹವೆಂದರೆ ರಾಶಿ ಹಾಕುವುದಲ್ಲ, ಅಗತ್ಯವನ್ನು ಅಳೆದು ನೀಡುವುದು ಎಂಬ ಪಾಠವು ಇಲ್ಲಿದೆ. ಇನ್ನೊಂದು ಮರುಳಶಂಕರದೇವರ ಕಥೆ. ಕಲ್ಯಾಣದ ಮಹಾಮನೆಯಲ್ಲಿ ಅವರು ಹನ್ನೆರಡು ವರ್ಷಕಾಲ ಪ್ರಸಾದಕುಂಡದ ಬಳಿ ಸೇವೆ ಮಾಡುತ್ತಿದ್ದರೂ ಯಾರೊಬ್ಬರ ಕಣ್ಣಿಗೂ ಬೀಳಲಿಲ್ಲ. ಪ್ರಭುದೇವರು ಬಂದು ತೋರಿಸಿದ ಮೇಲೆಯೇ ಅವರ ಮಹಿಮೆಯು ಬೆಳಕಿಗೆ ಬಂದಿತು. ಸಾಕ್ಷಾತ್ ಬಸವಣ್ಣನವರ ಮನೆಯಲ್ಲಿಯೇ ಸೇವಕನು ಕಾಣದೆ ಹೋದನೆಂದಮೇಲೆ ಸಾಮಾನ್ಯರ ಮನೆಗಳಲ್ಲಿ ಕಾಣದೆ ಹೋಗುವುದು ಏನಾಶ್ಚರ್ಯ! ಸೇವಾಹಸ್ತದ ಅಭಾವಕ್ಕೆ ಮೂಲವು ಕೈಗಳು ಕಡಮೆಯಾದದ್ದಷ್ಟೇ ಅಲ್ಲ. ಇರುವ ಕೈಗಳನ್ನು ಕಾಣುವ ಕಣ್ಣು ಮಂಕಾದದ್ದೂ ಹೌದು.

ಕಾಣುವ ಕಣ್ಣಿದ್ದಲ್ಲಿ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾದುದಿಲ್ಲ. ಬೇಗೂರಿನ ಮುಂದೆ ಹಾದುಹೋಗುವ ಹೆದ್ದಾರಿಯೇ ಗುಂಡ್ಲುಪೇಟೆಯನ್ನೂ ವೈನಾಡನ್ನೂ ದಾಟಿ ಕಲ್ಲಿಕೋಟೆಯನ್ನು ಸೇರುವುದು. ಆ ಕಲ್ಲಿಕೋಟೆಯಲ್ಲಿ 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಗುಣವಾಗದ ರೋಗಗಳಿಂದ ನರಳುವವರ ನೋವನ್ನು ಶಮನಮಾಡುವುದಕ್ಕಾಗಿ ಸಂಘವೊಂದನ್ನು ಆರಂಭಿಸಿದರು. ಕೆಲವು ವರ್ಷಗಳಲ್ಲಿಯೇ ಅವರಿಗೆ ಒಂದು ಸಂಗತಿ ಗೋಚರವಾಯಿತು. ಆಸ್ಪತ್ರೆಯವರೆಗೆ ಬರಲಾರದವರೇ ಹೆಚ್ಚು ಮಂದಿ. ಅವರಿಗೆ ಬೇಕಾದುದರಲ್ಲಿ ವೈದ್ಯನ ಪಾಲು ಕೊಂಚ, ನೆರೆಹೊರೆಯ ಪಾಲು ಬಹಳ. ಆದಕಾರಣ ವೈದ್ಯರ ಸಂಖ್ಯೆ ಹೆಚ್ಚಲೆಂದು ಕಾಯುತ್ತ ಕುಳಿತುಕೊಳ್ಳದೆ, ವಾರಕ್ಕೆ ಎರಡು ಗಂಟೆಯ ಹೊತ್ತನ್ನು ಕೊಡಬಲ್ಲವರು ಯಾರಿರುವರೆಂದು ಊರಿನವರನ್ನೇ ಕೇಳಿದರು. ಬಂದವರಿಗೆ ಹದಿನಾರು ಗಂಟೆಗಳ ಪಾಠವನ್ನೂ, ನಾಲ್ಕು ದಿನ ರೋಗಿಗಳ ಬಳಿಯೇ ಅಭ್ಯಾಸವನ್ನೂ ಮಾಡಿಸಿದರು. ದಾದಿಯೂ ವೈದ್ಯರೂ ಬೆನ್ನಿಗಿದ್ದರು. ಮುಂದೆ ನಡೆದವರು ಕೂಲಿಗಾರರು, ಅಂಗಡಿಯವರು, ಉಪಾಧ್ಯಾಯರು, ವಿದ್ಯಾರ್ಥಿಗಳು. ಈ ಪದ್ಧತಿಯು ಬೆಳೆದು, 2008ರಲ್ಲಿ ಕೇರಳ ಸರಕಾರವು ಇದಕ್ಕಾಗಿಯೇ ಒಂದು ನೀತಿಯನ್ನು ಘೋಷಿಸಿ ಪಂಚಾಯಿತಿಗಳ ಮೂಲಕ ಮನೆಮನೆಯ ಶುಶ್ರೂಷೆಗೆ ವ್ಯವಸ್ಥೆ ಮಾಡಿತು.

ಜಿಲ್ಲೆಯೊಳಗಿನ ನಿದರ್ಶನವೊಂದುಂಟು. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನೂ, 1986ರಲ್ಲಿ ಯಳಂದೂರು ತಾಲ್ಲೂಕಿನ ಕುಷ್ಠರೋಗ ನಿವಾರಣೆಗಾಗಿ ಕರುಣಾ ಟ್ರಸ್ಟನ್ನೂ ಆರಂಭಿಸಿದರು. ಕಾಡಿನೊಳಗಣ ಪೋಡುಗಳಿಗೆ ಪಟ್ಟಣದ ದಾದಿಯರು ಹೋಗಲೊಲ್ಲರು, ಹೋದರೂ ನಿಲ್ಲಲೊಲ್ಲರು. ಇಲ್ಲಿ ಕೇಳಬೇಕಾದ ಪ್ರಶ್ನೆಯು, ಪಟ್ಟಣದವರನ್ನು ಕಾಡಿನಲ್ಲಿ ನಿಲ್ಲಿಸುವುದು ಹೇಗೆ ಎಂಬುದಲ್ಲ. ಕಾಡಿನಲ್ಲಿಯೇ ಇರುವವರು ದಾದಿಯರಾಗುವುದು ಹೇಗೆ ಎಂಬುದು. ಸೋಲಿಗರ ಹೆಣ್ಣುಮಕ್ಕಳಿಗೆ ದಾದಿಯ ಶಿಕ್ಷಣ ಕೊಡಿಸಿ, ಅವರ ಜನರ ನಡುವೆಯೇ ಕೆಲಸ ಮಾಡುವಂತೆ ಏರ್ಪಡಿಸಿದಾಗ ಭಾಷೆಯ ತೊಡಕೂ ಹೋಯಿತು, ದಾರಿಯ ಭಯವೂ ಹೋಯಿತು. ಪ್ರಶ್ನೆಯನ್ನು ತಿರುಗಿಸಿ ಕೇಳಿದುದರಿಂದ ಉತ್ತರವು ಹಿತ್ತಿಲಲ್ಲಿಯೇ ದೊರೆಯಿತು. 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಆಡಳಿತವನ್ನು ಸರಕಾರವು ಈ ಟ್ರಸ್ಟಿಗೇ ಒಪ್ಪಿಸಿತು.

ಇನ್ನೊಂದು ದೃಷ್ಟಾಂತವು ಯೂರೋಪಿನದು. ನೆದರ್ಲೆಂಡ್ಸ್ ದೇಶದಲ್ಲಿ ಮನೆಗೆ ಹೋಗಿ ಶುಶ್ರೂಷೆ ಮಾಡುವ ದಾದಿಯರ ಕೆಲಸವನ್ನು ನಿಮಿಷಗಳ ಲೆಕ್ಕದಲ್ಲಿ ತುಂಡುತುಂಡಾಗಿ ಕತ್ತರಿಸಿದ್ದರು. ಮೀಯಿಸುವವಳು ಒಬ್ಬಳು, ಚುಚ್ಚುಮದ್ದು ಕೊಡುವವಳು ಮತ್ತೊಬ್ಬಳು, ಪಟ್ಟಿ ಕಟ್ಟುವವಳು ಮಗುದೊಬ್ಬಳು. ರೋಗಿಗೆ ದಿನಕ್ಕೊಂದು ಹೊಸ ಮುಖ. ದಾದಿಗೆ ಬೇಸರವೋ ಬೇಸರ. ಯೋಸ್ ದ ಬ್ಲೋಕ್ ಎಂಬ ದಾದಿಯು (ಈತನು ಗಂಡಸು, ಈ ಕಾಯಕಕ್ಕೆ ಲಿಂಗಭೇದವಿಲ್ಲವೆಂಬುದನ್ನು ಕೇಳುಗರು ಗಮನಿಸತಕ್ಕದ್ದು) 2006ರಲ್ಲಿ ನಾಲ್ಕು ಮಂದಿಯ ಒಂದೇ ತಂಡದಿಂದ ಬೇರೊಂದು ಕ್ರಮವನ್ನು ಆರಂಭಿಸಿದನು. ಹನ್ನೆರಡಕ್ಕೆ ಮೀರದ ಸಣ್ಣ ತಂಡ; ಒಂದು ತಂಡಕ್ಕೆ ಒಂದು ನೆರೆಹೊರೆ; ಯಾರು, ಎಂದು, ಯಾರ ಮನೆಗೆ ಹೋಗಬೇಕೆಂಬುದನ್ನು ಮೇಲಿನ ಅಧಿಕಾರಿಯಲ್ಲ, ತಂಡದವರೇ ಕೂಡಿ ನಿಶ್ಚಯಿಸುವುದು. ಸುಮಾರು ಹತ್ತು ವರ್ಷಗಳಲ್ಲಿ ಸಾವಿರಾರು ದಾದಿಯರು ತಾವಾಗಿಯೇ ಬಂದು ಸೇರಿದರು. ಮೊದಲಿನ ಕ್ರಮದಲ್ಲಿ ಬೇಸತ್ತವರಿಗೆ ಸೇವೆಯು ಬೇಡವಾಗಿರಲಿಲ್ಲ; ಸೇವೆಯನ್ನು ಒಡೆದು ಹಾಕಿದ ಕ್ರಮವು ಬೇಡವಾಗಿದ್ದಿತು.

ಈ ಮೂರು ನಿದರ್ಶನಗಳನ್ನು ಬೇಗೂರಿನ ಸೀಮೆಗೆ ಹೊಂದಿಸುವುದು ಹೇಗೆ? ಇದ್ದಕ್ಕಿದ್ದಂತೆ ಎತ್ತಿತಂದು ನೆಡುವುದು ಸಲ್ಲದು. ಮಣ್ಣನ್ನು ನೋಡಿ ಬಿತ್ತಬೇಕೆಂಬುದು ರೈತನಿಗೆ ಹೇಳಿಕೊಡಬೇಕಾದ ಮಾತಲ್ಲ. ಮೊದಲನೆಯ ಕಾರ್ಯವು ಕೇಳುವುದು. ಮಠದ ಶಿಷ್ಯರಲ್ಲಿ ಇಬ್ಬರು, ಅವರಲ್ಲಿ ಒಬ್ಬರು ಹೆಂಗಸಾಗಿರತಕ್ಕದ್ದು, ಒಂದು ಬೀದಿಯನ್ನು ಆರಿಸಿಕೊಂಡು ಮನೆಮನೆಗೆ ಹೋಗಲಿ. ‘ಏನು ಸಹಾಯ ಬೇಕು?’ ಎಂದು ಕೇಳಿದರೆ ಮಾನವಂತರು ‘ಏನೂ ಬೇಡ’ ಎಂದೇ ಹೇಳುವರು. ‘ದಿನದಲ್ಲಿ ಯಾವ ಹೊತ್ತು ಅತ್ಯಂತ ಭಾರವಾಗಿದೆ?’ ಎಂದು ಕೇಳಲಿ. ಒಂದು ಮನೆಯಲ್ಲಿ ಅದು ಮೀಯಿಸುವ ಹೊತ್ತು. ಮತ್ತೊಂದರಲ್ಲಿ ನಿದ್ದೆಯಿಲ್ಲದ ಇರುಳು. ಇನ್ನೊಂದರಲ್ಲಿ ಮಾತ್ರೆಗಾಗಿ ಗುಂಡ್ಲುಪೇಟೆಗೆ ಹೋಗಿಬರುವ ದಿನ. ಚೆಂಡುಹೂವು ಬಿಡಿಸುವ ಕಾಲದಲ್ಲಿ, ಅರಿಸಿನ ಕೀಳುವ ಕಾಲದಲ್ಲಿ ಮನೆಯಲ್ಲಿ ಒಂದು ಕೈಯೂ ಉಳಿಯದು. ಆ ತಿಂಗಳುಗಳ ಕಷ್ಟವು ಬೇರೆಯೇ. ರೋಗಿಯನ್ನು ಕೇಳಿದಷ್ಟೇ ಶ್ರದ್ಧೆಯಿಂದ ನೋಡಿಕೊಳ್ಳುವವಳನ್ನೂ ಕೇಳತಕ್ಕದ್ದು. ಮರುಳಶಂಕರದೇವರಂತೆ ಕಾಣದೆ ಇರುವವಳು ಆಕೆಯೇ.

ಎರಡನೆಯದು, ಕೆಲಸವನ್ನು ವಿಂಗಡಿಸುವುದು. ಗಾಯಕ್ಕೆ ಪಟ್ಟಿ ಕಟ್ಟುವುದು, ಮೂತ್ರದ ನಳಿಕೆಯನ್ನು ನೋಡಿಕೊಳ್ಳುವುದು, ನೋವಿನ ಔಷಧದ ಪ್ರಮಾಣವನ್ನು ನಿಶ್ಚಯಿಸುವುದು ಬಲ್ಲವರಿಂದಲೇ ಆಗತಕ್ಕವು. ಅಲ್ಲಿ ಭಕ್ತಿಯೊಂದೇ ಸಾಲದು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ ಬೆನ್ನುಹುಣ್ಣಾಗದಂತೆ ಕಾಯುವುದು, ಮಲಗಿದಲ್ಲಿಯೇ ಮೈಯೊರಸುವುದು, ನುಂಗಲು ಕಷ್ಟಪಡುವವರಿಗೆ ತಲೆಯೆತ್ತಿ ಕೂರಿಸಿ ನಿಧಾನವಾಗಿ ಉಣಿಸುವುದು, ಇವು ಕೆಲವು ದಿನಗಳ ಶಿಕ್ಷಣದಿಂದ ಮನೆಯವರಿಗೂ ನೆರೆಯವರಿಗೂ ಬರತಕ್ಕವು. ಔಷಧ ತರುವುದು, ಪಿಂಚಣಿಯ ಕಾಗದ ಬರೆದುಕೊಡುವುದು, ವಚನಗಳನ್ನು ಓದಿ ಹೇಳುವುದು, ಸೊಸೆಯು ಎರಡು ಗಂಟೆ ಹೊಲಕ್ಕೋ ನಿದ್ದೆಗೋ ಹೋಗುವಂತೆ ಹಾಸಿಗೆಯ ಬಳಿ ಕುಳಿತಿರುವುದು ಯಾರಿಂದಲಾದರೂ ಆಗತಕ್ಕವು. ಎಲ್ಲವನ್ನೂ ಒಬ್ಬ ದಾದಿಯ ತಲೆಯ ಮೇಲೆ ಹೇರಿ ದಾದಿಯಿಲ್ಲವೆಂದು ಕೊರಗುವುದಕ್ಕಿಂತ, ಆಕೆಗೆ ಸಲ್ಲತಕ್ಕುದನ್ನು ಮಾತ್ರ ಆಕೆಗೆ ಬಿಟ್ಟು ಉಳಿದುದನ್ನು ಊರು ಹೊರುವುದು ಲೇಸು. ಆದರೆ ಒಂದು ಮನೆಗೆ ಹೋಗುವವರು ದಿನಕ್ಕೊಬ್ಬರಾಗಬಾರದು. ಪರಿಚಿತ ಮುಖಗಳು ಎರಡೋ ಮೂರೋ ಇರಬೇಕು. ನೆದರ್ಲೆಂಡ್ಸಿನ ಪಾಠವು ಇದೇ.

ಮೂರನೆಯದು, ಹೊತ್ತಿನ ಜೋಳಿಗೆ. ಮಠದ ಜೋಳಿಗೆಗೆ ಭಕ್ತರು ಒಂದು ಹಿಡಿ ಧಾನ್ಯ ನೀಡುತ್ತ ಬಂದಿದ್ದಾರೆ. ಹಿಡಿಹಿಡಿಯಾಗಿ ಬಂದುದೇ ಸಾವಿರಾರು ಮಕ್ಕಳ ಅನ್ನವಾಯಿತು. ಅದೇ ಮೇರೆಗೆ ಮನೆಗೆ ಒಬ್ಬರಂತೆ ವಾರಕ್ಕೆ ಎರಡು ಗಂಟೆಯ ಹೊತ್ತನ್ನು ನೀಡಲಿ. ಮೂವತ್ತು ಮನೆಯಿಂದ ವಾರಕ್ಕೆ ಅರುವತ್ತು ಗಂಟೆಯಾಯಿತು. ಆರು ಮಂದಿ ಹಾಸಿಗೆ ಹಿಡಿದವರಿಗೆ ತಲಾ ಹತ್ತು ಗಂಟೆ. ಇದು ಅಲ್ಪವೆಂದು ತೋರಬಹುದು; ಹಗಲಿರುಳು ಬಿಡುವಿಲ್ಲದವಳಿಗೆ ಇದು ಅಲ್ಪವಲ್ಲ. ರೋಗಿಯ ತಲೆದೆಸೆಯಲ್ಲಿ ಒಂದು ಪುಸ್ತಕವಿರಲಿ. ಬಂದವರು ಏನು ಮಾಡಿದರು, ಏನನ್ನು ಕಂಡರು ಎಂಬುದನ್ನು ಎರಡು ಸಾಲಿನಲ್ಲಿ ಬರೆಯಲಿ. ಮೂರು ತಿಂಗಳು ಒಂದೇ ಬೀದಿಯಲ್ಲಿ ಮಾಡಿನೋಡಿ, ಮಠದಲ್ಲಿ ಎಲ್ಲರೂ ಕೂಡಿ ಆ ಪುಸ್ತಕಗಳನ್ನು ಓದಿ, ನಡೆಯದೆ ಹೋದುದನ್ನು ಮುಚ್ಚಿಡದೆ ತಿದ್ದಿಕೊಳ್ಳಲಿ. ಅನುಭವ ಮಂಟಪವೆಂದರೆ ಮಾಡಿ ಕಂಡುದನ್ನು ಎಲ್ಲರೆದುರು ಇಟ್ಟು ಒರೆಗೆ ಹಚ್ಚುವ ಸ್ಥಾನವಲ್ಲವೆ?

ಇಲ್ಲಿ ಮೂರು ಎಚ್ಚರಿಕೆಯ ಮಾತುಗಳು ಅವಶ್ಯಕವಾಗಿವೆ.

ಮೊದಲನೆಯದು ಕೂಲಿಯ ವಿಚಾರ. ಸೇವೆಯೆಂಬ ಪವಿತ್ರವಾದ ಹೆಸರನ್ನು ಹೇಳಿ ಬಡಹೆಂಗಸಿನ ದುಡಿಮೆಯನ್ನು ಪುಕ್ಕಟೆಯಾಗಿ ಪಡೆಯುವುದು ದಾಸೋಹವಲ್ಲ. ದೇಶದಲ್ಲಿ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ಣಾಟಕದಲ್ಲಿ ಅದರ ಮೊದಲ ಪ್ರಯೋಗವು ನಡೆದುದು ತಿರುಮಕೂಡಲು ನರಸೀಪುರದಲ್ಲಿ; 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನವು ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಕಾರ್ಯಕರ್ತೆಯನ್ನು ಕೊಟ್ಟಿತು. ಅಂದಿನಿಂದ ಹಳ್ಳಿಗಳ ಆರೈಕೆಯು ಈ ಹೆಣ್ಣುಮಕ್ಕಳ ಹೆಗಲ ಮೇಲಿದೆ. ಆದರೂ ಅವರಿಗೆ ಸಲ್ಲುವುದು ಸಂಬಳವಲ್ಲ, ಗೌರವಧನ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಚಳಿಯಲ್ಲಿ ಹಗಲಿರುಳು ಧರಣಿ ಕುಳಿತುದು ಇದಕ್ಕಾಗಿಯೇ. ಶರಣರ ಮತದಲ್ಲಿ ದಾಸೋಹವು ಸತ್ಯಶುದ್ಧವಾದ ಕಾಯಕದ ಗಳಿಕೆಯಿಂದ ಹುಟ್ಟತಕ್ಕುದು. ಉಳ್ಳವನು ತನ್ನ ಹೊತ್ತನ್ನೂ ತನ್ನ ಹಣವನ್ನೂ ನೀಡಿದರೆ ಅದು ದಾಸೋಹ. ಇಲ್ಲದವಳ ಹೊತ್ತನ್ನು ಕಸಿದು ನೀಡಿದರೆ ಅದು ಶೋಷಣೆ. ಆದಕಾರಣ ವಾರಕ್ಕೆ ಎರಡು ಗಂಟೆ ಕೊಡುವವನು ಭಕ್ತನಾಗಿರಲಿ. ದಿನವೂ ದುಡಿಯುವವಳಿಗೆ ನ್ಯಾಯವಾದ ವೇತನವನ್ನು ಮಠವೂ ಸಮಾಜವೂ ಸರಕಾರವೂ ಒದಗಿಸಲಿ.

ಎರಡನೆಯದು ಜಾತಿಯ ವಿಚಾರ. ಮುದುಕರ ಮೈಯನ್ನು ಒರಸುವ ಕೈ ಯಾವ ಕುಲದ್ದೆಂದು ಕೇಳುವ ಮನೆಗಳು ಇನ್ನೂ ಇವೆ. ಯಾರ ಕೇರಿಗೆ ಹೋಗಬೇಕೆಂದು ಲೆಕ್ಕ ಹಾಕುವ ಸೇವಕರೂ ಇದ್ದಾರೆ. ಬಸವಾದಿ ಶರಣರ ಹೆಸರಿನ ಮಠದಿಂದ ಹೊರಡುವ ಸೇವೆಯು ಎಲ್ಲ ಕೇರಿಗಳಿಗೂ ಹೋಗತಕ್ಕುದು, ಎಲ್ಲ ಕೇರಿಗಳಿಂದಲೂ ಬರತಕ್ಕುದು. ಇದನ್ನು ಒಪ್ಪದಿದ್ದಲ್ಲಿ ಕೈಗಳ ಅಭಾವವನ್ನು ಕುರಿತು ಮಾತನಾಡುವ ಅಧಿಕಾರವೇ ಇಲ್ಲ. ಏಕೆಂದರೆ ಬಂದ ಕೈಯನ್ನು ತಳ್ಳಿದವರು ತಾವೇ.

ಮೂರನೆಯದು ಗಂಡಸರ ವಿಚಾರ. ಹೊತ್ತಿನ ಜೋಳಿಗೆಗೆ ಮನೆಯ ಯಜಮಾನನು ಹೆಸರು ಬರೆಯಿಸಿ, ಹೆಂಡತಿಯನ್ನು ಕಳುಹಿಸುವಂತಾಗಬಾರದು. ಹೆಸರು ಯಾರದೋ ಕೈಯೂ ಅವರದೇ ಆಗಿರಬೇಕು.

ಶರಣಬಂಧುಗಳೇ, ಕಟ್ಟಡ ಬೇಡವೆಂಬುದು ಈ ಉಪನ್ಯಾಸದ ತಾತ್ಪರ್ಯವಲ್ಲ. ಬೀದಿಯ ಪುಸ್ತಕಗಳನ್ನು ಓದಿದ ಮೇಲೆ, ನೋಡಿಕೊಳ್ಳುವವರೇ ಇಲ್ಲದ ವೃದ್ಧರು ಇಷ್ಟು ಮಂದಿ ಇದ್ದಾರೆಂದು ತಿಳಿದುಬಂದರೆ, ಅವರಿಗಾಗಿ ನಾಲ್ಕು ಕೋಣೆಗಳು ಏಳಲಿ. ಆಗ ಆ ಕೋಣೆಗಳಲ್ಲಿ ಯಾರಿರಬೇಕು, ಇರುಳಿನಲ್ಲಿ ಯಾರು ಎಚ್ಚರವಿರಬೇಕು ಎಂಬುದು ಮೊದಲೇ ಗೊತ್ತಿರುವುದು. ಅಂಥ ಕಟ್ಟಡಕ್ಕೆ ಬೀಗ ಬೀಳದು. ಅಲ್ಲಿಯವರೆಗೆ ಈ ಮಹೋತ್ಸವದ ಜ್ಞಾಪಕವಾಗಿ ಮಠಕ್ಕೆ ಬೇಕಾದುದು ಒಂದು ಬೀದಿ, ಮೂವತ್ತು ಮನೆ, ಕೆಲವು ಬರೆಯುವ ಪುಸ್ತಕಗಳು, ಶಿಕ್ಷಣ ಕೊಡಬಲ್ಲ ಒಬ್ಬ ದಾದಿ, ಮತ್ತು ‘ಯಾವ ಹೊತ್ತು ಅತ್ಯಂತ ಭಾರವಾಗಿದೆ?’ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕುಳಿತಿರುವ ತಾಳ್ಮೆ. ಗುರುಕೃಪೆಯಿಂದ ಆ ತಾಳ್ಮೆಯು ಸರ್ವರಿಗೂ ಲಭಿಸಲಿ.